ತಪ್ಪು ಉತ್ತರದ ಹಿಂದೆ ಹೋದವರು

ಮಳೆಗೆ ಶಾಲೆ ರಜೆಯಾದ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಓದಿಕೊಳ್ಳಲು ನಮ್ಮ ಮನೆಗೆ ಬರುತ್ತಾಳೆ. ಡಿ.ಎಡ್. ಮುಗಿಸಿದ್ದಾಳೆ, ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಬರೆಯಬೇಕು. ಅವಳ ಊರಿನ ಕಡೆ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಮತ್ತೆ ಬರಲು ದಿನಗಟ್ಟಲೆ ಬೇಕು. ಗೈಡನ್ನು ನನ್ನ ಕೈಗೆ ಕೊಟ್ಟು, "ಕೇಳಿ ಟೀಚರ್" ಎಂದು ಒಲೆಯ ಹತ್ತಿರ ಕೂರುತ್ತಾಳೆ. ಮಕ್ಕಳ ಬೆಳವಣಿಗೆಯನ್ನು ಹಂತಗಳಾಗಿ ವಿವರಿಸಿದ ಮನೋವಿಜ್ಞಾನಿಗಳ ಹೆಸರು ಒಂದೊಂದಾಗಿ ಕೇಳುತ್ತೇನೆ. ಪಿಯಾಜೆ? ನಾಲ್ಕು ಹಂತ. ಎರಿಕ್ಸನ್? ಎಂಟು. ಕೋಲ್‌ಬರ್ಗ್? ಮೂರು ಮಟ್ಟ, ಆರು ಹಂತ. ಎರಡರಿಂದ ಏಳು ವರ್ಷ? ಕಾರ್ಯಪೂರ್ವ ಹಂತ. ಏಳರಿಂದ ಹನ್ನೊಂದು? ಮೂರ್ತ ಕಾರ್ಯಗಳ ಹಂತ. ಒಂದೂ ತಪ್ಪುವುದಿಲ್ಲ. ಟಿಇಟಿಯ 150 ಅಂಕಗಳಲ್ಲಿ 30 ಅಂಕ ಶಿಶುವಿಕಾಸಕ್ಕೇ ಇವೆ, ಅಷ್ಟನ್ನೂ ಅವಳು ಬಿಡದೆ ತೆಗೆಯಬೇಕು, ತೆಗೆಯಲಿ. ಅವಳ ಶ್ರದ್ಧೆಯ ಬಗ್ಗೆ ನನಗೆ ಪ್ರೀತಿಯೇ ಇದೆ. ಕಾಡುವುದು ಆ ಗೈಡು. ಮಕ್ಕಳ ಬಗ್ಗೆ ಅಷ್ಟು ಪುಟ ಇದ್ದರೂ ಅದರಲ್ಲಿ ಒಂದು ಮಗುವೂ ಬಾಯಿ ಬಿಡುವುದಿಲ್ಲ. ಪಿಯಾಜೆಯ ಹೆಸರಿದೆ, ಪಿಯಾಜೆಗೆ ಮಕ್ಕಳು ಹೇಳಿದ ಒಂದೇ ಒಂದು ಮಾತೂ ಇಲ್ಲ.

ಈ ಸಿದ್ಧಾಂತಗಳ ಜೊತೆ ನನ್ನ ಒಡನಾಟ ಬಹಳ ವರ್ಷಗಳದ್ದು. ದಕ್ಷಿಣ ಕೊಡಗಿನ, ನಾಗರಹೊಳೆ ಕಾಡಿನ ಅಂಚಿನ ಸರ್ಕಾರಿ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಎರವ ಭಾಷೆ, ಜೇನುಕುರುಬರ ಮಾತು, ಮಲಯಾಳ, ಈಚೆಗೆ ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳ ಮಾತು, ಎಲ್ಲವೂ ಇವೆ. ಇಂಥ ಕಡೆ ಈ ಸಿದ್ಧಾಂತಗಳು ಉಪಯೋಗಕ್ಕೆ ಬರುತ್ತವೆಯೇ ಎಂದು ಕೇಳುವವರು ಬಹಳ. ಖಂಡಿತ ಬರುತ್ತವೆ. ಆದರೆ ಪಟ್ಟಿಯಾಗಿ ಬರುವುದಿಲ್ಲ. ಪ್ರತಿಯೊಂದರ ಬುಡದಲ್ಲೂ ಯಾರೋ ಒಬ್ಬರು ಮಗುವಿನ ಮುಂದೆ ಕೂತು, ಅದು ಕೊಟ್ಟ ತಪ್ಪು ಉತ್ತರವನ್ನು ಹೊಡೆದುಹಾಕದೆ, "ಯಾಕೆ ಹಾಗಂತೀಯ?" ಎಂದು ಕೇಳಿ, ಅದು ಹೇಳುವವರೆಗೂ ಕಾದಿದ್ದಾರೆ. ನಾವು ಅವರ ಹಂತಗಳನ್ನು ತಂದುಕೊಂಡೆವು, ಕಾಯುವುದನ್ನು ಅಲ್ಲೇ ಬಿಟ್ಟೆವು ಎನ್ನುವುದು ನನ್ನ ಸಂಕಟ.

ಪ್ಯಾರಿಸಿನ ಮಕ್ಕಳು, ನಮ್ಮ ಕಾಫಿ ಬೀಜ

ಜೀನ್ ಪಿಯಾಜೆ ಮಕ್ಕಳ ಕಡೆಗೆ ಬಂದದ್ದು ಬಸವನಹುಳುಗಳ ಕಡೆಯಿಂದ. 1896ರಲ್ಲಿ ಸ್ವಿಟ್ಜರ್ಲೆಂಡಿನ ನ್ಯೂಶಾತೆಲ್‌ನಲ್ಲಿ ಹುಟ್ಟಿದವನು, 1918ರಲ್ಲಿ ಮೃದ್ವಂಗಿಗಳ ಮೇಲೆ ಡಾಕ್ಟರೇಟ್ ಪಡೆದ. ಆಮೇಲೆ ಪ್ಯಾರಿಸಿಗೆ ಹೋದ. ಬುದ್ಧಿಮಾಪನ ಪರೀಕ್ಷೆ ರೂಪಿಸಿದ ಬಿನೆ ಅಷ್ಟರಲ್ಲಿ ತೀರಿಕೊಂಡಿದ್ದ, ಅವನ ಜೊತೆಗಾರ ಸಿಮೊನ್ ಈ ಹುಡುಗನಿಗೆ ಒಂದು ಕೆಲಸ ಹಚ್ಚಿದ: ಇಂಗ್ಲೆಂಡಿನ ತರ್ಕದ ಪ್ರಶ್ನೆಗಳನ್ನು ಪ್ಯಾರಿಸಿನ ಶಾಲಾಮಕ್ಕಳಿಗೆ ಕೇಳಿ, ಯಾವ ವಯಸ್ಸಿಗೆ ಎಷ್ಟು ಸರಿ ಬರುತ್ತದೆಂದು ಲೆಕ್ಕ ತೆಗೆಯುವುದು. ಬೇಸರದ ಕೆಲಸ. ಆದರೆ ಸರಿ ಉತ್ತರ ಎಣಿಸುತ್ತಾ ಕೂತವನ ಕಣ್ಣು ತಪ್ಪುಗಳ ಮೇಲೆ ಬಿತ್ತು. ಒಂದೇ ವಯಸ್ಸಿನ ಮಕ್ಕಳು ಒಂದೇ ಥರದ ತಪ್ಪು ಮಾಡುತ್ತಿದ್ದರು. ಹಾಗಾದರೆ ಅದು ತಿಳಿಗೇಡಿತನ ಅಲ್ಲ, ಅದರ ಹಿಂದೆ ಯಾವುದೋ ಯೋಚನೆ ಇದೆ ಎಂದು ಅವನಿಗೆ ಹೊಳೆದದ್ದು ಆಗ. ಅಲ್ಲಿಂದ ಪ್ರಶ್ನಾವಳಿ ಬದಿಗಿಟ್ಟು ಮಕ್ಕಳ ಜೊತೆ ಮಾತಿಗೆ ಕೂತ. ನಾಲ್ಕು ಹಂತಗಳೆಲ್ಲ ಆಮೇಲಿನ ಮಾತು.

ಅವನ ಪ್ರಸಿದ್ಧ ಪ್ರಯೋಗವನ್ನು ಕೊಡಗಿನ ಯಾವ ಮನೆಯಲ್ಲಾದರೂ ಮಾಡಿ ನೋಡಬಹುದು. ಐದು ವರ್ಷದ ಮಗುವಿನ ಮುಂದೆ ಕಣದಿಂದ ತಂದ ಕಾಫಿ ಬೀಜಗಳನ್ನು ಎರಡು ಸಾಲಾಗಿ ಇಡಿ, ಎರಡರಲ್ಲೂ ಆರಾರು, ಎದುರುಬದುರಾಗಿ. ಎರಡೂ ಸಮ ಅಲ್ವಾ ಎಂದರೆ ಮಗು ಹೌದು ಎನ್ನುತ್ತದೆ. ಈಗ ಅದು ನೋಡುತ್ತಿರುವಂತೆಯೇ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ. ಯಾವುದರಲ್ಲಿ ಜಾಸ್ತಿ ಎಂದು ಕೇಳಿ. ಬಹಳಷ್ಟು ಮಕ್ಕಳು ಉದ್ದದ ಸಾಲನ್ನು ತೋರಿಸುತ್ತಾರೆ. ಬೀಜ ಸೇರಿಸಿಲ್ಲ, ತೆಗೆದಿಲ್ಲ, ಎಲ್ಲ ಕಣ್ಣೆದುರೇ ಆಗಿದೆ, ಆದರೂ ಜಾಸ್ತಿಯಾಯಿತು ಎನ್ನುತ್ತಾರೆ. ಎಷ್ಟು ಓದಿಕೊಂಡಿದ್ದರೂ, ಅದನ್ನು ಮಗುವಿನ ಬಾಯಲ್ಲಿ ಮೊದಲ ಸಲ ಕೇಳಿದಾಗ ಮೈ ಜುಮ್ಮೆನ್ನುತ್ತದೆ.

ಇಲ್ಲಿಗೆ ನಿಂತರೆ ಅರ್ಧ ಕಥೆ. ಎಡಿನ್‌ಬರೋದ ಮನೋವಿಜ್ಞಾನಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಹೋದ್ಯೋಗಿ ಮ್ಯಾಕ್‌ಗ್ಯಾರಿಗಲ್ 1970ರ ದಶಕದಲ್ಲಿ ಇದೇ ಪ್ರಯೋಗವನ್ನು ಸ್ವಲ್ಪ ಬದಲಿಸಿದರು. ಸಾಲನ್ನು ದೊಡ್ಡವರು ಸರಿಸುವ ಬದಲು, ಒಂದು ತುಂಟ ಟೆಡ್ಡಿ ಕರಡಿ ಡಬ್ಬದಿಂದ ಹಾರಿಬಂದು ಕೆಡಿಸುವ ಹಾಗೆ ಮಾಡಿದರು. ಆಗ ಎರಡೂ ಸಮ ಎಂದ ಮಕ್ಕಳ ಸಂಖ್ಯೆ ಬಹಳ ಏರಿತು. ಅವರ ವಿವರಣೆ ಶಿಕ್ಷಕರೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು. ದೊಡ್ಡವರೊಬ್ಬರು ಬೇಕೆಂದೇ ಏನೋ ಬದಲಾಯಿಸಿ, ಒಮ್ಮೆ ಕೇಳಿದ್ದನ್ನೇ ಇನ್ನೊಮ್ಮೆ ಕೇಳಿದರೆ, ಇವರಿಗೆ ಬೇರೆ ಉತ್ತರ ಬೇಕು ಅಂತ ಮಗು ಊಹಿಸುತ್ತದೆ. ಅದು ಬೀಜ ನೋಡಿ ಉತ್ತರ ಕೊಡುತ್ತಿಲ್ಲ, ನಮ್ಮ ಮುಖ ನೋಡಿ ಕೊಡುತ್ತಿದೆ. ಯಾವ ತರಗತಿಯಲ್ಲಾದರೂ ಪರೀಕ್ಷಿಸಿ. ಸರಿ ಉತ್ತರ ಹೇಳಿದ ಮಗುವನ್ನು "ಹೌದಾ?" ಎಂದು ಇನ್ನೊಮ್ಮೆ ಕೇಳಿ. ತಕ್ಷಣ ಬದಲಾಯಿಸುತ್ತದೆ. ಹಾಡಿಯಿಂದ, ಅಂದರೆ ಕಾಡಂಚಿನ ಆದಿವಾಸಿಗಳ ವಸತಿಯಿಂದ, ಬಂದ ಮಗುವಾದರೆ ಮಾತನ್ನೇ ನಿಲ್ಲಿಸಿಬಿಡುತ್ತದೆ.

ತೂಕದ ಹೊತ್ತು

ಫೆಬ್ರವರಿಯಲ್ಲಿ ರೋಬಸ್ಟಾ ಕುಯ್ಲು ಜೋರಾಗುತ್ತಿದ್ದಂತೆ ನಮ್ಮ ತರಗತಿಗಳು ಖಾಲಿಯಾಗತೊಡಗುತ್ತವೆ. ಅಪ್ಪ ಅಮ್ಮ ಇಬ್ಬರೂ ತೋಟಕ್ಕೆ ಹೋದರೆ ಚಿಕ್ಕ ಮಗುವನ್ನು ನೋಡಿಕೊಳ್ಳಲು ದೊಡ್ಡದನ್ನು ಬಿಡಿಸುತ್ತಾರೆ. ಅಂಥ ಒಂದು ವರ್ಷ ಐದನೇ ತರಗತಿಯ ಹುಡುಗಿಯೊಬ್ಬಳನ್ನು ಹುಡುಕಿಕೊಂಡು ಸಂಜೆ ತೋಟದ ಕೂಲಿಕಾರರ ಲೈನ್ ಮನೆಗೆ ಹೋಗಿದ್ದೆ. ಮನೆಗೆ ಬೀಗ ಹಾಕಿತ್ತು. ಎಲ್ಲರೂ ಕುಯ್ದ ಕಾಫಿಯ ತೂಕಕ್ಕೆ ಹೋಗಿದ್ದಾರೆ ಎಂದರು ಪಕ್ಕದವರು. ತೋಟದೊಳಗಿನ ರಸ್ತೆಯ ಬದಿಗೆ ಚೀಲಗಳ ಸಾಲು, ಆಚೆ ಟ್ರ್ಯಾಕ್ಟರು. ಹಣ್ಣು ಕಾಫಿಯ ಹುಳಿ ವಾಸನೆ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ನಿಂತಿದ್ದರು. ನನ್ನ ಹುಡುಗಿ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅಮ್ಮನ ಚೀಲದ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ನಾಚಿಕೆ ಆಯಿತೇನೋ, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಚೀಲ ಮಿಷನ್ನಿನ ಮೇಲೆ ಹೋಯಿತು. ರೈಟರ್ "ಎಂಬತ್ತೇಳು" ಎಂದರು. ಆ ವರ್ಷ ಆ ತೋಟದಲ್ಲಿ ಕುಯ್ದ ಕಿಲೋಗೆ ಐದು ರೂಪಾಯಿ ಕೂಲಿ ಕೊಡುತ್ತಿದ್ದರು. ಅವರು ಮೊಬೈಲ್ ತೆಗೆಯುವ ಮೊದಲೇ ಇವಳು ಅಮ್ಮನಿಗೆ ತನ್ನ ಮಾತಿನಲ್ಲಿ ಏನೋ ಹೇಳಿ, ಆಮೇಲೆ ಕನ್ನಡದಲ್ಲಿ ಗಟ್ಟಿಯಾಗಿ "ನಾನೂರ ಮೂವತ್ತೈದು" ಎಂದಳು. ಹೇಗೆ ಮಾಡಿದೆ ಎಂದು ಕೇಳಿದೆ. ನೆಲ ನೋಡುತ್ತಾ, "ಹತ್ತು ರೂಪಾಯಿ ಆದ್ರೆ ಎಂಟುನೂರ ಎಪ್ಪತ್ತು ಟೀಚರ್. ಐದಲ್ವಾ, ಅರ್ಧ ಮಾಡ್ದೆ" ಎಂದಳು. ಅಷ್ಟರಲ್ಲಿ ರೈಟರ್ ಚೀಲದ ಬಾಬತ್ತಿಗೆ ಒಂದು ಕಿಲೋ ಕಳೆದು ಬರೆಯಲು ಹೊರಟರು. ಇವಳು ತಲೆಯೆತ್ತಿ, "ನಮ್ಮದು ಗೋಣಿ ಅಲ್ಲ ಅಣ್ಣ, ಪ್ಲಾಸ್ಟಿಕ್ ಚೀಲ. ಒಂದು ಕಿಲೋ ಎಂತಕ್ಕೆ ಕಳೀತೀರಿ?" ಎಂದು ಕೇಳಿದಳು. ಅವರು ಒಂದು ಕ್ಷಣ ನೋಡಿ, ನಕ್ಕು, ಕಳೆಯದೆ ಪೂರ್ತಿ ಬರೆದುಕೊಂಡರು.

ಇದೇ ಹುಡುಗಿಯ ಗಣಿತದ ಪುಸ್ತಕದಲ್ಲಿ 46×5 ಎಂಬ ಲೆಕ್ಕಕ್ಕೆ 2030 ಎಂಬ ಉತ್ತರ ಇತ್ತು. ನಾಲ್ಕೈದ್ಲಿ ಇಪ್ಪತ್ತು, ಆರೈದ್ಲಿ ಮೂವತ್ತು, ಎರಡನ್ನೂ ಪಕ್ಕಪಕ್ಕ ಬರೆದಿದ್ದಾಳೆ. ನಲವತ್ತಾರು ಕಿಲೋ ಕಾಫಿಗೆ ಎರಡು ಸಾವಿರದ ಮೂವತ್ತು ರೂಪಾಯಿ ಎಂದು ಯಾರಾದರೂ ತೂಕದ ಹತ್ತಿರ ಹೇಳಿದ್ದರೆ ಅವಳು ಒಪ್ಪುತ್ತಲೇ ಇರಲಿಲ್ಲ. ಶಾಲೆಯ 46 ಕಾಫಿಯದ್ದಲ್ಲ, ಯಾವುದರದ್ದೂ ಅಲ್ಲ. ಅಲ್ಲಿ ಉತ್ತರ ದೊಡ್ಡದಾದರೂ ಚಿಕ್ಕದಾದರೂ ಯಾರ ಕೂಲಿಯೂ ಕಡಿಮೆಯಾಗುವುದಿಲ್ಲ.

ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಟೆರೆಜಿನ್ಹಾ ನುನೆಸ್ ಮತ್ತು ಸಂಗಡಿಗರು ಇದನ್ನೇ ಅಳೆದು ನೋಡಿ 1985ರಲ್ಲಿ ಪ್ರಕಟಿಸಿದರು. ಬೀದಿಯಲ್ಲಿ ತೆಂಗಿನಕಾಯಿ, ಹಣ್ಣು, ತಿಂಡಿ ಮಾರುವ ಒಂಬತ್ತರಿಂದ ಹದಿನೈದು ವರ್ಷದ ಐದು ಮಕ್ಕಳು. ಗಿರಾಕಿಗಳ ಹಾಗೆ ಹೋಗಿ ಲೆಕ್ಕ ಕೇಳಿದಾಗ ಶೇ. 98.2ರಷ್ಟು ಸರಿ. ಅದೇ ಮಕ್ಕಳಿಗೆ ಅಂಥದೇ ಲೆಕ್ಕವನ್ನು ಶಾಲೆಯಲ್ಲಿ ಕೊಡುವ ಹಾಗೆ ಬರಿಯ ಅಂಕಿಗಳಲ್ಲಿ ಕೊಟ್ಟಾಗ ಶೇ. 36.8. ಒಂದು ಕಾಯಿಗೆ 35, ಹತ್ತಕ್ಕೆ ಎಷ್ಟು ಎಂದರೆ ಹನ್ನೆರಡು ವರ್ಷದ ಹುಡುಗ ಮೂರಕ್ಕೆ 105, ಇನ್ನೂ ಮೂರಕ್ಕೆ 210, ಅಂತ ಮೂರು ಮೂರಾಗಿ ಕೂಡಿಸಿಕೊಂಡು 350ಕ್ಕೆ ಬರುತ್ತಾನೆ. ಹತ್ತರಿಂದ ಗುಣಿಸಿದರೆ ಸೊನ್ನೆ ಸೇರಿಸು ಎಂಬ ಶಾಲೆಯ ದಾರಿ ಅವನಿಗೆ ಬೇಕಾಗಲಿಲ್ಲ. ನನ್ನ ಹುಡುಗಿ ಹತ್ತರ ದಾರಿಯಲ್ಲಿ ಹೋಗಿ ಅರ್ಧ ಮಾಡಿದಳು. ಯಾರೂ ಕಲಿಸಿದ್ದಲ್ಲ.

ಹಾಗೆಂದು ತೋಟವೇ ಶಾಲೆ, ಶಾಲೆ ಬೇಡ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹತ್ತು ವರ್ಷದ ಮಗು ತರಗತಿಯಲ್ಲಿರಬೇಕು, ತಮ್ಮನನ್ನು ಸೊಂಟದ ಮೇಲೆ ಹೊತ್ತು ತೂಕಕ್ಕೆ ಕಾಯಬಾರದು. ಕಿಲೋಗೆ ಐದರ ಬದಲು ನಾಲ್ಕೂಮುಕ್ಕಾಲು ಆದಾಗ, ಬಡ್ಡಿ ಲೆಕ್ಕ ಬಂದಾಗ, ಅರ್ಧ ಮಾಡುವ ಉಪಾಯ ಸಾಕಾಗುವುದಿಲ್ಲ. ಬರೆದು ಮಾಡುವ ಲೆಕ್ಕದ ಶಕ್ತಿ ದೊಡ್ಡದು, ಅದು ಅವಳಿಗೂ ಸಿಗಬೇಕು. ನಾನು ಹೇಳುವುದಿಷ್ಟು: ಅವಳು ಬರುವಾಗ ತಂದದ್ದನ್ನು ಹೊರಗೆ ಬಿಟ್ಟು ಬಾ ಎಂದರೆ, ಒಳಗೆ ಕೊಡುವುದು ಅವಳಲ್ಲಿ ನಿಲ್ಲುವುದಿಲ್ಲ. ಎರಿಕ್ಸನ್ ಎಂಟು ಹಂತಗಳಲ್ಲಿ ಆರರಿಂದ ಹನ್ನೆರಡರ ನಡುವಿನದ್ದಕ್ಕೆ ಹೇಳಿದ್ದು ಇದನ್ನೇ. ಆ ವಯಸ್ಸಿನಲ್ಲಿ ಮಗು ಒಂದೋ 'ನನ್ನ ಕೈಲಿ ಆಗುತ್ತದೆ' ಎಂಬುದನ್ನು ಕಲಿಯುತ್ತದೆ, ಇಲ್ಲ 'ನಾನು ಕಡಿಮೆ' ಎಂಬುದನ್ನು. ಎರವರ ಮಕ್ಕಳಲ್ಲಿ ಎಷ್ಟೋ ಮಂದಿ ಮೊದಲ ಎರಡು ವರ್ಷದಲ್ಲೇ ಎರಡನೆಯದನ್ನು ಪಕ್ಕಾ ಕಲಿತು ಶಾಲೆ ಬಿಡುತ್ತಾರೆ. ಗೈಡಿನಲ್ಲಿ ಅದು ಒಂದು ಅಂಕದ ಪ್ರಶ್ನೆ.

"ಇನ್ನೂ ಆ ಹಂತಕ್ಕೆ ಬಂದಿಲ್ಲ"

ಹಂತಗಳನ್ನು ಬಾಯಿಪಾಠ ಮಾಡಿದ್ದರ ಒಂದು ಫಲ ಸ್ಟಾಫ್‌ರೂಮಿನಲ್ಲಿ ಕೇಳಿಬರುವ ಈ ಮಾತು. ಓದಲು ಬಾರದ ಮಗುವಿಗೂ ಇದೇ, ಮಾತನಾಡದ ಮಗುವಿಗೂ ಇದೇ. ಪಿಯಾಜೆ ವಯಸ್ಸನ್ನು ಸುಮಾರಾಗಿ ಹೇಳಿದ್ದ, ಹಂತಗಳ ಅನುಕ್ರಮವೇ ಅವನಿಗೆ ಮುಖ್ಯವಾಗಿದ್ದದ್ದು. ಹುಡುಗರನ್ನು ಬೇಗ ಬೇಗ ಮುಂದಿನ ಹಂತಕ್ಕೆ ತಳ್ಳುವುದು ಹೇಗೆ ಎಂದು ಅಮೆರಿಕದಲ್ಲಿ ಮತ್ತೆ ಮತ್ತೆ ಕೇಳಿದಾಗ ಅದಕ್ಕೆ 'ಅಮೆರಿಕನ್ ಪ್ರಶ್ನೆ' ಎಂದೇ ಹೆಸರಿಟ್ಟ. ಎಲ್‌ಕೆಜಿ ಮಗುವಿನ ಕೈಯಲ್ಲಿ ನಾಲ್ಕು ಗೆರೆಯ ಪುಸ್ತಕ ಕೊಟ್ಟು ಪುಟಗಟ್ಟಲೆ ಬರೆಸುವ ನಮ್ಮೂರುಗಳಲ್ಲಿ ಈಗ ಅದು ಮನೆಮನೆಯ ಪ್ರಶ್ನೆ. ತಳ್ಳುವುದು, ಇಲ್ಲವೇ ಕೈಬಿಡುವುದು. ಎರಡರ ನಡುವೆ ಮಾಡಬೇಕಾದ ಕೆಲಸವೇ ಉಳಿದುಹೋಗುತ್ತದೆ.

ಅನುಕ್ರಮವೂ ಎಲ್ಲ ಕಡೆ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಪಿಯಾಜೆಯ ಬಳಿಯೇ ಕೆಲಸ ಮಾಡಿದ ಪಿಯೆರ್ ದಾಸೆನ್ 1970ರ ದಶಕದಲ್ಲಿ ಆಸ್ಟ್ರೇಲಿಯಾದ ಮೂಲನಿವಾಸಿಗಳ ಮಕ್ಕಳು, ಆಫ್ರಿಕಾದ ಬೇಸಾಯಗಾರರ ಮಕ್ಕಳು ಮೊದಲಾದವರನ್ನು ಹೋಲಿಸಿ ನೋಡಿದರು. ಬೇಟೆಯಾಡಿ ಅಲೆದು ಬದುಕುವವರ ಮಕ್ಕಳಿಗೆ ಜಾಗ, ದಿಕ್ಕು, ದೂರದ ತಿಳಿವಳಿಕೆ ಮೊದಲು ಬರುತ್ತದೆ. ಬೆಳೆದು ಅಳೆದು ಮಾರುವವರ ಮಕ್ಕಳಿಗೆ ಪ್ರಮಾಣದ ತಿಳಿವಳಿಕೆ ಮೊದಲು. ಮೆಕ್ಸಿಕೋದ ಕುಂಬಾರರ ಮಕ್ಕಳ ಬಗ್ಗೆ 1969ರಲ್ಲಿ ಬಂದ ಅಧ್ಯಯನವೂ ಹೀಗೇ ಹೇಳುತ್ತದೆ. ಮಣ್ಣಿನ ಉಂಡೆಯನ್ನು ಚಪ್ಪಟೆ ಮಾಡಿದರೂ ಮಣ್ಣು ಅಷ್ಟೇ ಇರುತ್ತದೆಂದು ಅವರು ಉಳಿದ ಮಕ್ಕಳಿಗಿಂತ ಮೊದಲೇ ಹೇಳುತ್ತಿದ್ದರು. ನಮ್ಮ ಹಾಡಿಯ ಮಕ್ಕಳಿಗೆ ಶಾಲೆಗೆ ಬರುವ ದಾರಿ ಬರೆಯಿರಿ ಎಂದರೆ, ಆನೆ ದಾಟುವ ಜಾಗ, ಕಂದಕ ಮುಚ್ಚಿಹೋದ ಜಾಗ, ಮಳೆಗಾಲದಲ್ಲಿ ಸುತ್ತು ಹಾಕಬೇಕಾದ ತೋಡು, ಎಲ್ಲ ಅದರದರ ಜಾಗದಲ್ಲಿ ಬರುತ್ತವೆ. ಪಟ್ಟಣದಿಂದ ಬಂದ ಹೊಸ ಟೀಚರಿಗೆ ಆ ನಕ್ಷೆ ಕೈಗೆ ಕೊಟ್ಟರೆ ದಾರಿ ತಪ್ಪದೆ ಹಾಡಿಗೆ ಹೋಗಿಬರಬಹುದು. ಪರೀಕ್ಷೆಯಲ್ಲಿ ಇದಕ್ಕೆ ಕಾಲಂ ಇಲ್ಲ.

(ವರ್ತನೆ ಹೇಗೆ ಬದಲಾಗುತ್ತದೆಂದು ನೋಡಿದ ಪಾವ್ಲೋವ್, ಸ್ಕಿನ್ನರ್ ಬಗ್ಗೆ ಬರೆಯಿರಿ ಎಂದು ಕೇಳುವವರಿದ್ದಾರೆ. ಚಪ್ಪಾಳೆ, ಸ್ಟಾರು, ಬೆತ್ತ, ಇವುಗಳಿಂದ ಮಕ್ಕಳ ವರ್ತನೆ ಬದಲಾಗುವುದು ನಿಜ. ಆದರೆ ಯೋಚನೆ ಹೇಗೆ ಬದಲಾಯಿತು ಎಂಬ ನನ್ನ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿಲ್ಲ. ಮನೋವಿಜ್ಞಾನಿ ಬಂಡೂರಾ 1961ರಲ್ಲಿ ಗೊಂಬೆಗೆ ಹೊಡೆಯುವ ದೊಡ್ಡವರನ್ನು ಮಕ್ಕಳಿಗೆ ತೋರಿಸಿ, ಅವರೂ ಹಾಗೇ ಹೊಡೆಯುವುದನ್ನು ಕಂಡದ್ದನ್ನು ಮಾತ್ರ ಬೆತ್ತ ಹಿಡಿದವರೆಲ್ಲ ಓದಬೇಕು.)

ಗೊಣಗುವ ಮಕ್ಕಳು

ಸೋವಿಯತ್ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ಹುಟ್ಟಿದ್ದೂ 1896ರಲ್ಲೇ, ಈಗಿನ ಬೆಲಾರುಸ್‌ನಲ್ಲಿ. ಪಿಯಾಜೆ 84 ವರ್ಷ ಬಾಳಿದ. ಇವನು ಕ್ಷಯದಿಂದ 1934ರಲ್ಲಿ ಹೋದಾಗ ವಯಸ್ಸು 37. ಆಲೋಚನೆ ಮತ್ತು ಭಾಷೆಯ ಬಗೆಗಿನ ಅವನ ಮುಖ್ಯ ಪುಸ್ತಕ ಅವನು ತೀರಿಕೊಂಡ ವರ್ಷ ಬಂತು, ಇಂಗ್ಲಿಷಿಗೆ ಬಂದದ್ದು 1962ರಲ್ಲಿ. ಅದರಲ್ಲಿ ತನ್ನನ್ನು ವಿಮರ್ಶಿಸಿದ್ದನ್ನು ಪಿಯಾಜೆ ಓದಿದಾಗ ಸುಮಾರು ಇಪ್ಪತ್ತೈದು ವರ್ಷ ಕಳೆದಿತ್ತು. ಎದುರು ಕೂತು ಮಾತಾಡಲಾಗಲಿಲ್ಲವಲ್ಲ ಎಂದು ಅವನು ವಿಷಾದಿಸಿ ಬರೆದಿದ್ದಾನೆ.

ಅವರ ನಡುವಿನ ಒಂದು ಜಗಳ ನಮ್ಮ ತರಗತಿಗೆ ನೇರ ಸಂಬಂಧಿಸಿದ್ದು. ನಾಲ್ಕೈದು ವರ್ಷದ ಮಕ್ಕಳು ಆಡುವಾಗ, ಚಿತ್ರ ಬರೆಯುವಾಗ ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾರಲ್ಲ, ಅದೇನು? ಇನ್ನೊಬ್ಬರಿಗಾಗಿ ಮಾತಾಡಲು ಬಾರದ ಮಗುವಿನ ಮಾತು, ದೊಡ್ಡದಾದಂತೆ ತಾನಾಗಿ ಅಳಿಯುತ್ತದೆ ಎಂದುಕೊಂಡಿದ್ದ ಪಿಯಾಜೆ. ಅಳಿಯುವುದಿಲ್ಲ, ಒಳಗೆ ಹೋಗುತ್ತದೆ, ನಾವು ದೊಡ್ಡವರು ಮನಸ್ಸಿನಲ್ಲಿ ಯೋಚಿಸುವ ಮಾತು ಅದೇ ಎಂದ ವೈಗಾಟ್‌ಸ್ಕಿ. ಅವನು ಮಾಡಿದ್ದು ಸರಳವಾದ ಕೆಲಸ. ಚಿತ್ರ ಬರೆಯುತ್ತಿರುವ ಮಗುವಿಗೆ ಬೇಕಾದ ಬಣ್ಣದ ಪೆನ್ಸಿಲ್ ಸಿಗದ ಹಾಗೆ ಮಾಡಿದ. ಅಡ್ಡಿ ಬಂದಾಗ ಮಕ್ಕಳ ಗೊಣಗಾಟ ಸುಮಾರು ಎರಡು ಪಟ್ಟಾಯಿತು. ನೀಲಿ ಎಲ್ಲಿ, ಹೋಗಲಿ, ಕೆಂಪಲ್ಲೇ ಬರೆದು ನೀರು ಹಚ್ಚಿದರೆ ಕಪ್ಪಾಗಿ ನೀಲಿ ಥರ ಕಾಣುತ್ತದೆ, ಎಂದೆಲ್ಲ. ಮಗು ಕಷ್ಟಕ್ಕೆ ಸಿಕ್ಕಿದಾಗ ಮಾತಿನಿಂದಲೇ ಉಪಾಯ ಹುಡುಕುತ್ತಿದೆ.

ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಕಾರ್ಡುಗಳಿಂದ ಕಲಿಯುವ ನಮ್ಮ ನಲಿ-ಕಲಿ ಕೋಣೆಯಲ್ಲಿ ಇದನ್ನು ದಿನವೂ ಕೇಳಬಹುದು. ನೆಲದಲ್ಲಿ ಕೂತು ಕಾರ್ಡು ಜೋಡಿಸುವ ಮಗು ಎರವ ಭಾಷೆಯಲ್ಲೋ ಕೊಡವ ತಕ್ಕ್‌ನಲ್ಲೋ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿರುತ್ತದೆ. "ಸದ್ದು! ಬಾಯಿ ಮುಚ್ಚಿ ಮಾಡಿ" ಎಂದು ಗದರಿಸುವುದನ್ನೂ ಕೇಳಬಹುದು. "ಕನ್ನಡದಲ್ಲಿ ಮಾತಾಡು" ಎನ್ನುವುದು ಇನ್ನೂ ಹೆಚ್ಚು. ಕನ್ನಡ ಅದಕ್ಕೆ ಬರಬೇಕು, ನಾನು ಕನ್ನಡದ ಟೀಚರ್, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ವೈಗಾಟ್‌ಸ್ಕಿಯ ಮಾತು ನಿಜವಾದರೆ, ಆರು ವರ್ಷದ ಮಗುವಿನ ಗೊಣಗಾಟವನ್ನು ನಿಲ್ಲಿಸುವುದು ಎಂದರೆ ಅದು ಯೋಚಿಸುವುದನ್ನೇ ನಿಲ್ಲಿಸುವುದು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಸೌಲಭ್ಯದ ಬಗ್ಗೆ ಸಂವಿಧಾನದ 350ಎ ವಿಧಿ ಹೇಳುತ್ತದೆ, 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, 2020ರ ಶಿಕ್ಷಣ ನೀತಿ ಹೇಳುತ್ತದೆ. ಎರವ ಭಾಷೆಯ ಪಠ್ಯಪುಸ್ತಕ ನಮ್ಮ ಶಾಲೆಗೆ ಬಂದಿಲ್ಲ. ಅದು ಬರುವವರೆಗೆ, ಮಗು ತನ್ನಷ್ಟಕ್ಕೆ ಮಾತಾಡಿಕೊಳ್ಳಲು ಬಿಡುವುದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

ನಲಿ-ಕಲಿಯ ಬಗ್ಗೆ ನನಗೆ ಅಭಿಮಾನ. 1995ರಲ್ಲಿ ನಮ್ಮ ಕಾಡಿನ ಆಚೆ ಬದಿಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿವ್ಯಾಲಿಯ ಶಾಲೆಗಳನ್ನು ನೋಡಿಬಂದ ಸಾಮಾನ್ಯ ಶಿಕ್ಷಕರು ಸೇರಿ ಕಟ್ಟಿದ್ದು. ಅದರ ತಟ್ಟೆಗಳನ್ನು, ಅಂದರೆ ಮಕ್ಕಳು ಕೂರುವ ಗುಂಪುಗಳನ್ನು, ನೋಡಿ: ಶಿಕ್ಷಕರ ಪೂರ್ಣ ಸಹಾಯದ ಗುಂಪು, ಭಾಗಶಃ ಸಹಾಯದ ಗುಂಪು, ಸಹಪಾಠಿಗಳ ಸಹಾಯದ ಗುಂಪು, ಕೊನೆಗೆ ಸ್ವಕಲಿಕೆ. ಇಂದು ಇನ್ನೊಬ್ಬರ ನೆರವಿನಿಂದ ಮಾಡಿದ್ದನ್ನು ನಾಳೆ ಮಗು ಒಂಟಿಯಾಗಿ ಮಾಡಬಲ್ಲದು ಎಂದು ವೈಗಾಟ್‌ಸ್ಕಿ ಹೇಳಿದ ಸಮೀಪಸ್ಥ ವಿಕಾಸ ವಲಯ ಅಲ್ಲಿ ನೆಲದ ಮೇಲೆ ಕೂತಿದೆ. ನೆರವು ಎಷ್ಟು, ಯಾವಾಗ ಹಿಂದಕ್ಕೆ ಸರಿಯಬೇಕು ಎಂಬುದನ್ನು ಬ್ರೂನರ್, ವುಡ್, ರಾಸ್ ಎಂಬ ಮೂವರು ಮನೋವಿಜ್ಞಾನಿಗಳು 1976ರಲ್ಲಿ 21 ಮರದ ತುಂಡುಗಳ ಗೋಪುರವೊಂದನ್ನು ಮಕ್ಕಳಿಂದ ಕಟ್ಟಿಸುತ್ತಾ ನೋಡಿದರು. ಮಗು ತಾನೇ ಮಾಡಬಲ್ಲದ್ದನ್ನು ಅದಕ್ಕೇ ಬಿಡಬೇಕು, ತಡವರಿಸಿದ ಕಡೆ ಮಾತ್ರ ಕೈಹಾಕಬೇಕು. ಹೇಳುವುದು ಸುಲಭ. ಒಬ್ಬಳೇ ಟೀಚರ್, ಮೂರು ತರಗತಿ, ನಡುವೆ ಆನ್‌ಲೈನ್ ಮಾಹಿತಿ ತುಂಬುವ ಕೆಲಸ. ಹಾಗಾಗಿ ತಟ್ಟೆಗಳ ಹೆಸರು ಗೋಡೆಯ ಮೇಲೆ ಉಳಿದು ಮಕ್ಕಳು ಎಲ್ಲಿ ಬೇಕೋ ಅಲ್ಲಿ ಕೂತಿರುವ ಶಾಲೆಗಳನ್ನು ನೋಡಿದರೆ ನನಗೆ ಆ ಟೀಚರ್ ಮೇಲೆ ಕೋಪ ಬರುವುದಿಲ್ಲ.

ಹೊಳೆಗೆ ಜೀವ ಉಂಟಾ?

ಮೂರನೇ ತರಗತಿಯ ಪರಿಸರ ಅಧ್ಯಯನ. ಜೀವಿ, ನಿರ್ಜೀವಿ ಎಂದು ಎರಡು ಕಾಲಂ ಮಾಡಿ ಬರೆಯುವ ಅಭ್ಯಾಸ. ಹುಡುಗನೊಬ್ಬ ಆನೆ, ನಾಯಿ, ಹೊಳೆಯನ್ನು ಜೀವಿಯ ಕಡೆ, ಕಲ್ಲು, ಜೀಪು, ಕಾಫಿ ಗಿಡವನ್ನು ನಿರ್ಜೀವಿಯ ಕಡೆ ಬರೆದಿದ್ದ. ಕೆಂಪು ಪೆನ್ನಿನ ಲೆಕ್ಕದಲ್ಲಿ ಎರಡು ತಪ್ಪು. ನಾನು ಪೆನ್ನು ತೆಗೆಯದೆ ಅವನ ಪಕ್ಕ ಕೂತೆ.

"ಹೊಳೆ ಎಂತಕ್ಕೆ ಈ ಕಡೆ ಬರ್ದದ್ದು?"

"ಅದು ಹೋಗ್ತದಲ್ಲ ಟೀಚರ್."

"ಜೀಪೂ ಹೋಗ್ತದೆ."

"ಜೀಪಿಗೆ ಡ್ರೈವರ್ ಬೇಕು. ಹೊಳೆ ಅದರಷ್ಟಕ್ಕೇ ಹೋಗ್ತದೆ. ಕಾಫಿ ಗಿಡ ಅಲ್ಲೇ ಇರ್ತದೆ."

ಪಿಯಾಜೆ 1926ರಲ್ಲಿ ಬರೆದ ಪುಸ್ತಕದಲ್ಲಿ ಜಿನೀವಾದ ಮಕ್ಕಳು ಹೆಚ್ಚುಕಡಿಮೆ ಇದೇ ಮಾತಾಡುತ್ತಾರೆ. ಸೈಕಲ್ಲಿಗೆ ಜೀವ ಇಲ್ಲ, ಅದನ್ನು ನಾವು ಓಡಿಸಬೇಕು. ಸೂರ್ಯನಿಗೆ, ಗಾಳಿಗೆ, ಹೊಳೆಗೆ ಇದೆ, ಅವು ತಾವೇ ಹೋಗುತ್ತವೆ. ನೂರು ವರ್ಷ, ಇಷ್ಟು ದೂರ, ಲಕ್ಷ್ಮಣತೀರ್ಥದ ದಡದಲ್ಲಿ ಅದೇ ತರ್ಕ. ಹುಡುಗನ ಎರಡೂ ತಪ್ಪು ಒಂದೇ ನಿಯಮದಿಂದ ಬಂದವು, ಆ ನಿಯಮವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದ. ಆದ್ದರಿಂದ ಮುಂದಕ್ಕೆ ಕೇಳಿದೆ. ಏಪ್ರಿಲಿನಲ್ಲಿ ಹೊಳೆ ಬತ್ತಿ ನಿಂತುಹೋಗುತ್ತದಲ್ಲ, ಆಗ? "ಆಗ ಇಲ್ಲ. ಮಳೆ ಬಂದ್ರೆ ಉಂಟು." ಆನೆ ನಡೆಯದೆ ನಿಂತಿದ್ದರೆ? "ನಿಂತ್ರೂ ಕಿವಿ ಆಡಿಸ್ತದೆ." ಕಿವಿಯೂ ಆಡಿಸದೆ ಮಲಗಿದ್ದರೆ? ಅವನು ಸುಮ್ಮನಾದ. ನಾನೂ ಸುಮ್ಮನಿದ್ದೆ.

ಮಾತು ಬಂದದ್ದು ಹಿಂದಿನ ಸಾಲಿನಿಂದ, ಆ ತಿಂಗಳಿಡೀ ತರಗತಿಯಲ್ಲಿ ಬಾಯಿ ಬಿಡದ ಜೇನುಕುರುಬರ ಹುಡುಗನಿಂದ. ಅವನ ತಾತ ಮತ್ತಿಗೋಡು ಆನೆ ಶಿಬಿರದಲ್ಲಿ ಕಾವಾಡಿ, ಅಂದರೆ ಮಾವುತನ ಸಹಾಯಕ. ಮಲಗಿದ ಆನೆಯ ಹೊಟ್ಟೆ ಮೇಲೆ ಕೆಳಗೆ ಆಗುತ್ತದೆ, ಸೊಂಡಿಲಿನಿಂದ ಉಸಿರು ಬಂದು ಕೆಳಗಿನ ಮಣ್ಣು ಹಾರುತ್ತದೆ, ತಾನು ನೋಡಿದ್ದೇನೆ ಎಂದ. ಅರ್ಧ ಅವನ ಭಾಷೆ, ಅರ್ಧ ಕನ್ನಡ, ಕೈಯಲ್ಲಿ ಸೊಂಡಿಲು ಮಾಡಿ ತೋರಿಸುತ್ತಾ. ಅಲ್ಲಿಂದ ಪಾಠ ನನ್ನ ಕೈಯಲ್ಲಿರಲಿಲ್ಲ. ಉಸಿರಾಡುವುದು ಜೀವಿ ಎಂದಾದರೆ ಜೀಪಿನ ಹೊಗೆ? ಗಿಡ ಉಸಿರಾಡುತ್ತದಾ? ಕಾಣುವುದಿಲ್ಲ, ಆದರೆ ಗೊಬ್ಬರ ಹಾಕುತ್ತಾರಲ್ಲ, ತಿನ್ನಲಿಕ್ಕೆ ತಾನೆ ಎಂದಳು ಒಬ್ಬಳು. ಕಾಫಿ ಗಿಡದಿಂದ ಬೀಜ, ಬೀಜದಿಂದ ಮತ್ತೆ ಗಿಡ, ನಮ್ಮ ನರ್ಸರಿಯಲ್ಲಿ ಬುಟ್ಟಿಗೆ ಹಾಕುತ್ತೇವೆ ಎಂದ ಇನ್ನೊಬ್ಬ. ಮೊದಲ ಹುಡುಗ ರಬ್ಬರ್ ತೆಗೆದು ಕಾಫಿ ಗಿಡವನ್ನು ತಾನೇ ಈ ಕಡೆಗೆ ತಂದುಕೊಂಡ.

ಹೊಳೆ ಮಾತ್ರ ಇತ್ಯರ್ಥವಾಗಲಿಲ್ಲ. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದ ಮನೆಯ ಹುಡುಗಿ ಎದ್ದು, ಕಾವೇರಿ ಅಮ್ಮ ಅಲ್ವಾ, ಅಮ್ಮನಿಗೆ ಜೀವ ಇಲ್ಲ ಅಂತ ಹೇಗೆ ಬರೆಯೋದು ಎಂದು ಕೇಳಿದಳು. ಇದನ್ನು ಪಿಯಾಜೆಯ ಪಟ್ಟಿಯಲ್ಲಿ ಎಲ್ಲಿಡುವುದು? ಆ ಮಾತು ಅವಳ ವಯಸ್ಸಿನದ್ದಲ್ಲ, ಅವಳ ಅಜ್ಜಿಯೂ ಅದನ್ನೇ ಹೇಳುತ್ತಾರೆ, ನಾನೂ ಕಾವೇರಿಯನ್ನು ಅಮ್ಮ ಎಂದೇ ಕರೆಯುತ್ತೇನೆ. ಕೈ ಮುಗಿಯುವ ಕಾವೇರಿಗೂ ಈ ಹಾಳೆಯ ಪ್ರಶ್ನೆಗೂ ಬೇರೆ ಬೇರೆ ಉತ್ತರ ಇರಬಹುದು, ಎರಡನ್ನೂ ಬರೆ ಎಂದೆ. ಅವಳು ಎರಡೂ ಕಾಲಮ್ಮಿನಲ್ಲಿ ಬರೆದು, ಪಕ್ಕದಲ್ಲಿ ಒಂದೊಂದು ಕಾರಣವನ್ನೂ ಬರೆದಳು.

ಆ ಹಾಳೆಗಳನ್ನು ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಗೆ ತೆಗೆದುಕೊಂಡು ಹೋದೆ. ಓದುತ್ತಿದ್ದಂತೆ ಪಕ್ಕದ ಶಾಲೆಯ ಟೀಚರ್, ನಮ್ಮಲ್ಲಿ ಒಬ್ಬ ಬೆಂಕಿಗೆ ಜೀವ ಇದೆ ಅಂತ ಬರೆದಿದ್ದಾನೆ ಎಂದರು. ಅವನು ಕೊಟ್ಟ ಕಾರಣ, ಬೆಂಕಿ ಸೌದೆ ತಿನ್ನುತ್ತದೆ, ಗಾಳಿ ಊದದಿದ್ದರೆ ಸಾಯುತ್ತದೆ. ಸಭೆ ನಡೆಸುತ್ತಿದ್ದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ ಸಿಆರ್‌ಪಿಯವರು ಕೈಯಲ್ಲಿದ್ದ ಅಜೆಂಡಾ ಕೆಳಗಿಟ್ಟರು. ಈ ಹುಡುಗನಿಗೆ ಮುಂದೇನು ಕೇಳಬೇಕು ಎಂಬ ಮಾತಿನಲ್ಲೇ ಉಳಿದ ಹೊತ್ತು ಹೋಯಿತು. ಬೆಂಕಿ ಮರಿ ಹಾಕುತ್ತದಾ ಎಂದು ಕೇಳಿ ಎಂದರು ಒಬ್ಬರು. ಹಾಕುತ್ತದೆ ಅಂತಲೇ ಹೇಳುತ್ತಾನೆ, ಕಿಡಿ ಹಾರಿದ ಕಡೆಯೆಲ್ಲ ಇನ್ನೊಂದು ಹುಟ್ಟುವುದಿಲ್ಲವೇ ಎಂದರು ಇನ್ನೊಬ್ಬರು.